ಟೂರ್ನಿಕೆಟ್ ಬಿಚ್ಚಿದ ಮೇಲೆ

ಮೆಣಸು ಕೊಯ್ಲಿನ ದಿನಗಳಲ್ಲಿ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರು ಮೂಡಿಗೆರೆ, ಕೊಪ್ಪದ ಕಡೆಯಿಂದ ಚಿಕ್ಕಮಗಳೂರಿಗೆ, ಮೂಳೆ ಶಸ್ತ್ರಚಿಕಿತ್ಸಕನಾದ ನನ್ನ ಬಳಿಗೆ ಬರುತ್ತಾರೆ. ಪ್ಲೇಟು ಕೂರಿಸುವಾಗ ತೊಡೆಗೆ ಟೂರ್ನಿಕೆಟ್ ಎಂಬ ಗಾಳಿ ತುಂಬುವ ಪಟ್ಟಿ ಬಿಗಿದು ರಕ್ತಸಂಚಾರ ತಡೆದರೆ ಮುರಿದ ಚೂರುಗಳು ಸ್ಪಷ್ಟವಾಗಿ ಕಾಣುತ್ತವೆ. ಬಿಚ್ಚಿದ ಮೇಲಿನದು ಅರಿವಳಿಕೆ ವೈದ್ಯರ ಪಾಲಿನ ಕೆಲಸವೆಂದು ನಾನು ಬಹಳ ಕಾಲ ಭಾವಿಸಿದ್ದೆ.

ಒಬ್ಬ ರೋಗಿಯ ಮೊಣಕಾಲಿನ ಕೀಲಿಗೂ ಹಬ್ಬಿದ್ದ ಮುರಿತವನ್ನು ಕೂಡಿಸುವಷ್ಟರಲ್ಲಿ ಪಟ್ಟಿ ಬಿಗಿದು ಎರಡು ಗಂಟೆಯಾಗುತ್ತ ಬಂದಿತ್ತು. ಹೊಲಿಗೆ, ಡ್ರೆಸ್ಸಿಂಗ್ ಮುಗಿಸಿಯೇ ಗಾಳಿ ಇಳಿಸಿದೆ. ಮಾನಿಟರಿನಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಏರಿತು, ಬಿಪಿ ಕುಸಿಯಿತು; ಅವೆರಡೂ ಬೇಗ ಸರಿಹೋದವು. ಸಂಜೆಯ ಹೊತ್ತಿಗೆ ಮಾತ್ರ ಮೀನಖಂಡ ಬಿಗಿದು, ಚರ್ಮ ಮಿರುಗಿ, ಹೊಲಿಗೆಯ ದಾರ ಮಾಂಸದೊಳಗೆ ಹೂತುಕೊಂಡಿತ್ತು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅಂದರೆ ಊತದ ಒತ್ತಡಕ್ಕೆ ಸ್ನಾಯುವಿನ ರಕ್ತಸಂಚಾರವೇ ಕಡಿಯುವ ಸ್ಥಿತಿ, ಆಗಿಬಿಟ್ಟೀತೆಂಬ ಆತಂಕದಲ್ಲಿ ರಾತ್ರಿಯಿಡೀ ಗಂಟೆಗೊಮ್ಮೆ ಆತನ ಕಾಲ್ಬೆರಳುಗಳನ್ನು ಮೇಲಕ್ಕೆ ಬಗ್ಗಿಸಿ, ನೋವು ಹೆಚ್ಚುತ್ತಿದೆಯೇ ಎಂದು ಕೇಳುತ್ತಿದ್ದೆ. ಕಾಲು ಉಳಿಯಿತು.

ಊತವೆಲ್ಲ ಪಟ್ಟಿಯಿಂದಲೇ ಬಂದದ್ದಲ್ಲ, ಬಿದ್ದ ಏಟಿಗೂ ನನ್ನ ಚಾಕುವಿಗೂ ಅದರಲ್ಲಿ ಪಾಲಿದೆ. ಆದರೆ ರಕ್ತ ನಿಂತ ಸ್ನಾಯುವಿನಲ್ಲಿ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಕರಗಿ, ಅದರ ಅವಶೇಷವಾದ ಹೈಪೋಕ್ಸಾಂಥಿನ್ ಕೂಡಿಕೊಂಡಿರುತ್ತದೆ. ಆಮ್ಲಜನಕ ಮರಳಿದ ಕ್ಷಣದಲ್ಲಿ ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವ ಅದರ ಮೇಲೆ ಕೆಲಸ ಮಾಡಿ, ಜೀವಕೋಶಗಳಿಗೆ ಹಾನಿ ಮಾಡುವ ಆಕ್ಸಿಜನ್ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಬಿಳಿರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ರಕ್ತನಾಳದ ಒಳಗೋಡೆಗೆ ಅಂಟಿ ಹೊರಕ್ಕೆ ನುಸುಳುತ್ತವೆ, ಲೋಮನಾಳಗಳು ಸೋರುತ್ತವೆ. ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ರಾಸಾಯನಿಕ ಸಂದೇಶಗಳು ಕಾಲಿನಲ್ಲಿಯೇ ನಿಲ್ಲದೆ ಇಡೀ ದೇಹಕ್ಕೆ ಹರಡುತ್ತವೆ. ರಕ್ತ ಮರಳುವುದೇ ಉರಿಯೂತವನ್ನು ಹೊತ್ತಿಸುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಅದರ ಅರ್ಥ ಆ ರಾತ್ರಿ ತಿಳಿಯಿತು.

ಅಲ್ಲಿಂದೀಚೆಗೆ ಎಲ್ಲರ ತೊಡೆಗೂ ಒಂದೇ ಒತ್ತಡ ಇಡುವುದನ್ನು ಬಿಟ್ಟಿದ್ದೇನೆ. ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಉಪಕರಣವನ್ನು ಪಾದದ ನಾಡಿಯ ಮೇಲೆ ಹಿಡಿದು, ಆ ಸದ್ದು ನಿಲ್ಲುವ ಪಟ್ಟಿಯ ಒತ್ತಡವನ್ನು ಗುರುತಿಸಿ, ಅದು 130ರೊಳಗಿದ್ದರೆ 40, 131ರಿಂದ 190ರವರೆಗಿದ್ದರೆ 60 ಮಿಲಿಮೀಟರ್ (ಪಾದರಸದ ಅಳತೆಯಲ್ಲಿ) ಸೇರಿಸುತ್ತೇನೆ. ಆ್ಯಂಟಿಬಯೋಟಿಕ್ ಪಟ್ಟಿಗೆ ಗಾಳಿ ತುಂಬುವ ಮೊದಲೇ ಒಳಹೋಗಿರಬೇಕು. ನರ್ಸ್ 60 ಮತ್ತು 90ನೇ ನಿಮಿಷವನ್ನು ಗಟ್ಟಿಯಾಗಿ ಹೇಳುತ್ತಾರೆ. ಕೆಲಸ ಉಳಿದಿದ್ದರೂ 90ಕ್ಕೆ ಗಾಳಿ ಇಳಿಸುವುದು ನನ್ನ ಪದ್ಧತಿ. ಮುಖ್ಯ ಬದಲಾವಣೆಯೆಂದರೆ, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ಗಾಯ ತೆರೆದಿರುವಾಗಲೇ ಪಟ್ಟಿ ಸಡಿಲಿಸುತ್ತೇನೆ. ಸ್ನಾಯು ಕೆಂಪೇರುವುದನ್ನು ನೋಡುತ್ತ, ಜಿನುಗುವ ನಾಳಗಳನ್ನು ಸುಟ್ಟು, ಚರ್ಮ ಎಳೆತವಿಲ್ಲದೆ ಕೂಡುತ್ತದೆಂದು ಖಚಿತವಾದ ಮೇಲೆಯೇ ಹೊಲಿಯುತ್ತೇನೆ. ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಹಿಮ್ಮಡಿಗಂಟಿನ ಸರಳ ಮುರಿತಗಳಿಗೆ ಈಗ ಟೂರ್ನಿಕೆಟ್ಟನ್ನೇ ಕಟ್ಟುವುದಿಲ್ಲ.

ಕಳೆದ ಕೊಯ್ಲಿನಲ್ಲಿ ಮೊಣಕಾಲಿನ ಅಂಥದ್ದೇ ಮುರಿತದ ಕಾರ್ಮಿಕರೊಬ್ಬರ ಡ್ರೆಸ್ಸಿಂಗನ್ನು ಎರಡನೆಯ ಬೆಳಿಗ್ಗೆ ಬಿಚ್ಚಿದಾಗ, ಹೊಲಿಗೆಯ ಪಕ್ಕದ ಚರ್ಮದಲ್ಲಿ ಆಗಲೇ ಊತ ಇಳಿದ ಗುರುತಾದ ಸಣ್ಣ ಸುಕ್ಕುಗಳು ಮೂಡಿದ್ದವು.