ಜಿಒಎಸ್ ಮೇಲೆ, ಫ್ಯೂಸ್ ಕೆಳಗೆ: ನಕ್ಷೆಗೆ ಅದನ್ನು ಕಲಿಸಿದ ಬಗೆ

ವಿದ್ಯುತ್ ವಿತರಣಾ ಜಾಲವನ್ನು ಜಿಐಎಸ್ ಎಂಬ ಕಂಪ್ಯೂಟರ್ ನಕ್ಷೆಗೆ ಇಳಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸ್ವಿಚ್ಚು ಮತ್ತು ಫ್ಯೂಸುಗಳನ್ನು ಕಂಬದಂತೆಯೇ ಇನ್ನೊಂದು ಚುಕ್ಕೆ ಎಂದು ನಾನು ತಿಳಿದಿದ್ದೆ. ಸರ್ವೆಯವರು ತಂದ ಜಿಪಿಎಸ್ ಬಿಂದುವಿಗೆ ಚಿಹ್ನೆ ಹಾಕಿ ಮುಂದಿನ ಕಂಬಕ್ಕೆ ಹೋಗುತ್ತಿದ್ದೆವು. ಗೋಡೆಗೆ ತೂಗುಹಾಕಲು ಆ ನಕ್ಷೆ ಚೆನ್ನಾಗಿಯೇ ಇತ್ತು. ಆದರೆ ಸಬ್‌ಸ್ಟೇಷನ್ನಿನ ಬ್ರೇಕರ್‌ನಿಂದ ಕೆಳಮುಖವಾಗಿ ಟ್ರೇಸ್ ಓಡಿಸಿದಾಗ (ಕರೆಂಟು ಸಾಗುವ ದಾರಿಯನ್ನು ಸಾಫ್ಟ್‌ವೇರ್‌ನಿಂದ ಹುಡುಕಿಸಿದಾಗ), ಒಂದು 11 ಕೆವಿ ಫೀಡರ್‌ನ (ವಿತರಣಾ ಲೈನಿನ) ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ಪಟ್ಟಿಯೊಳಗೆ ಪಕ್ಕದ ಫೀಡರ್‌ನ ಟಿಸಿಗಳೆಲ್ಲ ಬಂದು ಸೇರಿಕೊಂಡವು.

ಎರಡೂ ಫೀಡರ್‌ಗಳು ಊರಾಚೆ ಸಂಧಿಸುವಲ್ಲಿ ಸದಾ ತೆರೆದಿರಬೇಕಾದ ಒಂದು ಜಿಒಎಸ್ (ಗ್ಯಾಂಗ್ ಆಪರೇಟೆಡ್ ಸ್ವಿಚ್) ಇತ್ತು. ನಕ್ಷೆಯಲ್ಲಿ ಅದರ ಚಿಹ್ನೆ ತೆರೆದೇ ಇತ್ತು, ಆದರೆ ಅದರಡಿಯ ಗೆರೆ ಕಡಿಯದೆ ಹಾದುಹೋಗಿತ್ತು. ಕಣ್ಣಿಗೆ ಕಂಡ ಬಿರುಕು ಸಾಫ್ಟ್‌ವೇರ್‌ಗೆ ಕಾಣಲಿಲ್ಲ. ಆಗ ನಾವಿದ್ದದ್ದು ಆರ್ಕ್‌ಮ್ಯಾಪ್ ಎಂಬ ನಕ್ಷೆ ಸಾಫ್ಟ್‌ವೇರ್‌ನ ಹಳೆಯ ಜಾಲ ಮಾದರಿಯಾದ ಜಿಯೊಮೆಟ್ರಿಕ್ ನೆಟ್‌ವರ್ಕ್‌ನಲ್ಲಿ. ಮುಂದೆ, 2018ರಲ್ಲಿ ಬಂದ ಯುಟಿಲಿಟಿ ನೆಟ್‌ವರ್ಕ್ ಎಂಬ ಹೊಸ ಮಾದರಿಗೆ ಬದಲಾಯಿಸುವಾಗ ಪ್ರತಿ ಸ್ವಿಚ್ಚಿನ ಬಳಿ ಗೆರೆಯನ್ನು ಕಡಿದು, ಸ್ವಿಚ್ಚಿಗೆ ಎರಡು ಟರ್ಮಿನಲ್ (ಗೆರೆ ಬಂದು ಸೇರುವ ತುದಿ) ಕೊಟ್ಟು, ಯಾವ ಗೆರೆ ಯಾವ ಟರ್ಮಿನಲ್‌ಗೆ ಎಂದು ಒಂದೊಂದನ್ನೂ ಹೇಳಿದೆವು. ಸ್ಥಿತಿ ‘ತೆರೆದಿದೆ’ ಎಂದಾದರೆ ಟ್ರೇಸ್ ಅಲ್ಲೇ ನಿಲ್ಲಬೇಕೆಂಬ ನಿಯಮವನ್ನು ಅದರ ಮೇಲೆ ಹೇರಿದೆವು.

ಇದರಲ್ಲೂ ನನ್ನದೊಂದು ತಪ್ಪು ಉಳಿದಿತ್ತು. ಸ್ಥಿತಿಗೆ ನಾನು ಒಂದೇ ಕಾಲಂ ಇಟ್ಟಿದ್ದೆ. ನಿರ್ವಹಣೆಗೆಂದು ಮಧ್ಯದ ಜಿಒಎಸ್ ತೆರೆದು, ಊರಾಚೆಯದನ್ನು ಮುಚ್ಚಿ, ಅರ್ಧ ಫೀಡರ್‌ಗೆ ಪಕ್ಕದಿಂದ ಪೂರೈಕೆ ಕೊಟ್ಟ ದಿನ ಯಾರೋ ಅದನ್ನು ನಿಷ್ಠೆಯಿಂದ ನಕ್ಷೆಯಲ್ಲಿ ದಾಖಲಿಸಿದರು. ಕೆಲಸ ಮುಗಿದ ಮೇಲೆ ನಕ್ಷೆಯಲ್ಲಿ ಹಿಂದಿನಂತೆ ಮಾಡಲು ಮರೆತರು. ಆ ತಿಂಗಳ ಎನರ್ಜಿ ಆಡಿಟ್‌ನಲ್ಲಿ (ಫೀಡರ್‌ಗೆ ಕೊಟ್ಟ ವಿದ್ಯುತ್ತನ್ನು ಗ್ರಾಹಕರಿಗೆ ಮಾರಿದ್ದರೊಂದಿಗೆ ಹೋಲಿಸುವ ಲೆಕ್ಕದಲ್ಲಿ) ಅರ್ಧ ಫೀಡರ್‌ನ ಗ್ರಾಹಕರು ಬೇರೆ ಫೀಡರ್‌ನ ಮೀಟರಿಗೆ ಎದುರಾಗಿ ಲೆಕ್ಕಕ್ಕೆ ಬಂದು, ಒಂದು ಕಡೆ ನಷ್ಟ ಏರಿತು, ಇನ್ನೊಂದು ಕಡೆ ಕೊಟ್ಟದ್ದಕ್ಕಿಂತ ಹೆಚ್ಚು ಮಾರಿದಂತೆ ಕಂಡಿತು. ಅಂದಿನಿಂದ ಸಾಮಾನ್ಯ ಸ್ಥಿತಿ ಒಂದು ಕಾಲಂ, ಈಗಿನ ಸ್ಥಿತಿ ಇನ್ನೊಂದು. ಆಡಿಟ್‌ಗೆ ಮೊದಲನೆಯದು, ಕರೆಂಟು ಹೋದಾಗಿನ ಪ್ರಶ್ನೆಗಳಿಗೆ ಎರಡನೆಯದು.

ಫ್ಯೂಸಿನದು ಬೇರೆಯೇ ಕಥೆ. ಜಿಒಎಸ್‌ನ ಒಂದು ಹಿಡಿಯನ್ನು ಎಳೆದರೆ ಮೂರು ಫೇಸುಗಳೂ ಒಟ್ಟಿಗೆ ತೆರೆಯುತ್ತವೆ. ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸು ಫೇಸಿಗೊಂದಿದ್ದು, ಒಂದೊಂದೇ ಕರಗುತ್ತದೆ. ನಮ್ಮ ಮಾದರಿಯಲ್ಲಿ ಆರ್, ವೈ, ಬಿ ಫೇಸುಗಳಿಗೆ 4, 2, 1 ಎಂಬ ಅಂಕಗಳಿದ್ದವು, ಮೂರೂ ಸೇರಿದರೆ 7. ಮೂರು ಫ್ಯೂಸುಗಳನ್ನು 7ರ ಒಂದೇ ಬಿಂದುವಾಗಿ ಇಟ್ಟರೆ, ವೈ ಕರಗಿದೆ ಎಂದು ಹೇಳಲು ದಾರಿಯೇ ಇರುವುದಿಲ್ಲ. ಆದ್ದರಿಂದ 11 ಕೆವಿ ಕಡೆಯಲ್ಲಿ ಮೂರನ್ನೂ ಬೇರೆಬೇರೆ ಸಾಧನಗಳಾಗಿ ಮಾಡಿ ಒಂದು ಗುಂಪಿನೊಳಗೆ ಇಟ್ಟೆ. ವೈ ತೆರೆದರೆ ಮುಂದಕ್ಕೆ ಸಾಗುವುದು 5. ಎಲ್‌ಟಿ (ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ) ಕಡೆಯ ಕಿಟ್‌ಕ್ಯಾಟ್ ಫ್ಯೂಸುಗಳಿಗೆ ಇಷ್ಟು ಶ್ರಮ ತಕ್ಕುದಲ್ಲವೆಂದು ಅವನ್ನು ಒಂದೇ ಬಿಂದುವಾಗಿ ಉಳಿಸಿದೆ.

ಆ 5 ಎಂಬ ಫೇಸ್ ಅಂಕ ಟಿಸಿಯನ್ನು ದಾಟಿ ಎಲ್‌ಟಿಗೆ ಹರಿಯದಂತೆ ತಡೆದದ್ದು ಈ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ನಿರ್ಧಾರ. ನಮ್ಮ ವಿತರಣಾ ಟಿಸಿಗಳು ಮೇಲೆ, ಅಂದರೆ 11 ಕೆವಿ ಕಡೆ, ಡೆಲ್ಟಾ (ಪ್ರತಿ ಸುರುಳಿ ಎರಡು ಫೇಸುಗಳ ನಡುವೆ), ಕೆಳಗೆ ಎಲ್‌ಟಿ ಕಡೆ ಸ್ಟಾರ್ (ಪ್ರತಿ ಸುರುಳಿ ಒಂದು ಫೇಸು ಮತ್ತು ನ್ಯೂಟ್ರಲ್ ನಡುವೆ). ಎಚ್‌ಟಿಯ (11 ಕೆವಿ ಕಡೆಯ) ಒಂದು ಫೇಸು ಹೋದರೆ ಉಳಿದ ಎರಡು ಫೇಸುಗಳ ನಡುವಿನ ಸುರುಳಿಗೆ ಪೂರ್ತಿ ವೋಲ್ಟೇಜು ಸಿಗುತ್ತದೆ, ಮಿಕ್ಕೆರಡು ಸುರುಳಿಗಳು ಅದನ್ನೇ ಹಂಚಿಕೊಂಡು ಅರ್ಧರ್ಧಕ್ಕೆ ಇಳಿಯುತ್ತವೆ. ಊರಿನಲ್ಲಿ ಕೆಲವು ಮನೆಗಳ ದೀಪ ಎಂದಿನಂತೆ ಉರಿಯುತ್ತದೆ, ಉಳಿದ ಮನೆಗಳದ್ದು ಮಂಕಾಗುತ್ತದೆ, ಪೂರ್ತಿ ಆರುವುದಿಲ್ಲ. ಆ 5 ಅನ್ನು ಹರಿಯಬಿಟ್ಟಿದ್ದರೆ ಸಾಫ್ಟ್‌ವೇರ್‌ನ ಫೇಸ್ ಲೆಕ್ಕ ಮಾತ್ರ ಮೂರನೇ ಒಂದು ಪಾಲು ಮನೆಗಳಿಗೆ ಕರೆಂಟಿಲ್ಲ ಎಂದೂ ಉಳಿದವು ಕ್ಷೇಮವೆಂದೂ ಧೈರ್ಯವಾಗಿ ಹೇಳುತ್ತಿತ್ತು.

ಇನ್ನೊಂದು ತಿದ್ದುಪಡಿ ಬಂದದ್ದು ಒಬ್ಬ ಹಿರಿಯ ಲೈನ್‌ಮನ್‌ರಿಂದ. ಟಿಸಿ ಕೂರಿಸುವ ಡಬಲ್ ಪೋಲ್ (ಜೋಡಿ ಕಂಬದ) ರಚನೆಯಲ್ಲಿ ಜಿಒಎಸ್ ಮೇಲಿರುತ್ತದೆ, ಫ್ಯೂಸು ಅದರ ಕೆಳಗೆ, ಟಿಸಿ ಇನ್ನೂ ಕೆಳಗೆ. ಮೇಲಿನಿಂದ ನೋಡುವ ನಕ್ಷೆಗೆ ಮೂರೂ ಒಂದೇ ಬಿಂದು. ನಕ್ಷೆ ಬಿಡಿಸಿದವರು ಜಾಗ ಸಾಲದೆ ಫ್ಯೂಸನ್ನು ಜಿಒಎಸ್‌ಗಿಂತ ಮೊದಲೇ, ಲೈನಿನ ಕಡೆಗೆ ಸರಿಸಿದ್ದರು. ಲ್ಯಾಪ್‌ಟಾಪ್ ನೋಡಿದ ಅವರು, “ಫ್ಯೂಸ್ ಕಟ್ಟೋಕೆ ನಾನೀಗ ಎಲ್ಲಿ ಆಫ್ ಮಾಡ್ಲಿ ಸಾರ್, ಸ್ಟೇಷನ್ನಲ್ಲಾ?” ಎಂದರು. ಜಿಒಎಸ್ ಇರುವುದೇ ಅದನ್ನು ತೆರೆದು ಫ್ಯೂಸು ಕಟ್ಟಲಿ ಎಂದು. ನಮ್ಮ ನಕ್ಷೆಯ ಪ್ರಕಾರ ಅದನ್ನು ತೆರೆದ ಮೇಲೂ ಫ್ಯೂಸಿನಲ್ಲಿ ಕರೆಂಟು ಇರುತ್ತಿತ್ತು. ಮೊದಲು ಮೂರರ ನಡುವೆ ಗೇಣುದ್ದದ ಗೆರೆಗಳನ್ನು ಎಳೆದು ಕ್ರಮವನ್ನು ಸರಿಪಡಿಸಿದೆ. ಲೈನಿನ ಕಿಲೋಮೀಟರ್ ಲೆಕ್ಕದಲ್ಲಿ ಇಲ್ಲದ ತಂತಿ ಸೇರತೊಡಗಿದ್ದರಿಂದ ಅವನ್ನು ತೆಗೆದು, ಗೆರೆಯಿಲ್ಲದೆ ಟರ್ಮಿನಲ್‌ಗಳನ್ನು ಜೋಡಿಸುವ ಸಂಬಂಧಗಳನ್ನು ಬಳಸಿದೆ. ಅದೇ ಸಂದರ್ಭದಲ್ಲಿ ಫ್ಯೂಸನ್ನು ‘ಬೇರ್ಪಡಿಸುವ ಸಾಧನ’ ಎಂಬ ವರ್ಗದಿಂದ ತೆಗೆದು ‘ರಕ್ಷಣಾ ಸಾಧನ’ ಎಂಬಲ್ಲಿ ಮಾತ್ರ ಉಳಿಸಿದೆ. ಅದಕ್ಕೆ ಮುಂಚೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟು ನಿಲ್ಲಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಳ್ಳಲು ಎಲ್ಲಿ ತೆರೆಯಬೇಕೆಂದು ಕೇಳಿದರೆ, ಹತ್ತಿರವಿದೆ ಎಂಬ ಕಾರಣಕ್ಕೆ ನಕ್ಷೆ ಫ್ಯೂಸನ್ನೇ ತೋರಿಸುತ್ತಿತ್ತು.

ಫ್ಯೂಸ್ ತಂತಿಯ ಅಳತೆಗೆ ಒಂದು ಕಾಲಂ ಇದೆ. 100 ಕೆವಿಎ ಟಿಸಿಯ 11 ಕೆವಿ ಕಡೆಯ ಪೂರ್ಣ ಹೊರೆಯ ಕರೆಂಟು ಸುಮಾರು 5.25 ಆಂಪಿಯರ್ ಮಾತ್ರ. ಅಲ್ಲಿ ಯಾವ ದಪ್ಪದ ತಂತಿ ಕಟ್ಟಿದ್ದಾರೆ ಎಂಬುದು ನೆಲದಲ್ಲಿ ನಿಂತ ಸರ್ವೆಯವರಿಗೆ ಕಾಣುವುದಿಲ್ಲ. ಇರಬೇಕಾದ ಅಳತೆಯನ್ನೇ ಎಲ್ಲ ಸಾಲುಗಳಿಗೂ ತುಂಬಿಬಿಡೋಣ ಎಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ಆ ಕಾಲಂ ಬಹುಪಾಲು ಇನ್ನೂ ಖಾಲಿಯಿದ್ದು, ಜಿಒಎಸ್ ತೆರೆದು ಟಿಸಿ ನಿರ್ವಹಣೆ ಮಾಡುವ ದಿನಗಳಲ್ಲಿ, ಮೇಲೆ ಹತ್ತಿದವರು ಹೇಳಿದಂತೆ, ಒಂದೊಂದೇ ಸಾಲು ತುಂಬುತ್ತಿದೆ.