ಕಾರು ತಗ್ಗಿಸುವವರಿಗೆ: ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು ಜೋಡಿಯಾಗಿ ಆರಿಸುವ ಬಗೆ

ಕಾರನ್ನು ಎಷ್ಟು ಇಳಿಸಬೇಕೆಂದು ತೀರ್ಮಾನಿಸುವ ಮುನ್ನ, ಶಾಕ್ ಅಬ್ಸಾರ್ಬರ್ ಕುಗ್ಗಲು ಈಗ ಎಷ್ಟು ಜಾಗವಿದೆ ಎಂಬುದನ್ನು ಅಳೆಯಿರಿ. ಮುಂದಿನ ಶಾಕ್‌ನ ಧೂಳಿನ ಕವಚವನ್ನು ಮೇಲಕ್ಕೆ ಸರಿಸಿ, ಹೊಳೆಯುವ ರಾಡಿನ ಬುಡಕ್ಕೆ ಒಂದು ಕೇಬಲ್ ಟೈ ಕಟ್ಟಿ. ಬೆರಳಿನಿಂದ ತಳ್ಳಿದರೆ ಜಾರುವಷ್ಟು ಬಿಗಿಯಿದ್ದರೆ ಸಾಕು. ಮನೆಯವರನ್ನೆಲ್ಲ ಕೂರಿಸಿಕೊಂಡು ನೀವು ಸದಾ ಓಡಾಡುವ ದಾರಿಯಲ್ಲೇ ಹೋಗಿ ಬನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಹಂಪು 3.7 ಮೀಟರ್ ಅಗಲ, 100 ಮಿ.ಮೀ. ಎತ್ತರದ್ದು, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಊರವರೇ ಹಾಕಿಕೊಂಡ ಕಿರಿದಾದ ಹಂಪುಗಳಿಗೆ ಆ ಲೆಕ್ಕವಿಲ್ಲವಾದ್ದರಿಂದ ಅವುಗಳ ಮೇಲೂ ಹಾಯಿಸಿ. ಹಿಂದಿರುಗಿದ ಮೇಲೆ ಟೈಗೂ, ಶಾಕ್ ಪೂರ್ತಿ ಕುಗ್ಗಿ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ನಡುವೆ 20 ಮಿ.ಮೀ. ಮಾತ್ರ ಉಳಿದಿದ್ದರೆ, ಈಗಿನಷ್ಟೇ ಮೆದುವಾದ ಸ್ಪ್ರಿಂಗ್ ಹಾಕಿ 30 ಮಿ.ಮೀ. ಇಳಿಸಿದ ಕಾರು ರಬ್ಬರಿಗೆ ಬಡಿಯುವುದು ಖಚಿತ.

ಆದ್ದರಿಂದ ಗಟ್ಟಿ ಸ್ಪ್ರಿಂಗ್ ಬೇಕು. ಆದರೆ ಹಳೆಯ ಶಾಕ್ ಅದಕ್ಕೆ ಹೊಂದುವುದಿಲ್ಲ. ಒಂದು ಸ್ಪ್ರಿಂಗ್ ಮೇಲೆ 250 ಕೆ.ಜಿ., ಅಂದರೆ ಸುಮಾರು 2,450 ನ್ಯೂಟನ್ ಭಾರವಿದೆ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಕುಗ್ಗಲು 20 ನ್ಯೂಟನ್ ಬಲ ಬೇಡುವ ಸ್ಪ್ರಿಂಗ್ 122 ಮಿ.ಮೀ. ಕುಗ್ಗಿ ನಿಂತರೆ, 26 ನ್ಯೂಟನ್ನಿನದು 94 ಮಿ.ಮೀ. ಕುಗ್ಗಿ ನಿಲ್ಲುತ್ತದೆ. ಈಗ ಜಾಕ್ ಹಾಕಿ ಎತ್ತಿದಾಗ ಚಕ್ರ 100 ಮಿ.ಮೀ. ಕೆಳಗಿಳಿಯುವ ಕಾರು, 30 ಮಿ.ಮೀ. ತಗ್ಗಿದ ಮೇಲೆ ಹಳೆಯ ಶಾಕ್‌ನಲ್ಲೇ ಇದ್ದರೆ 130 ಮಿ.ಮೀ. ಇಳಿಯುತ್ತದೆ, 94ಕ್ಕೇ ಪೂರ್ತಿ ಬಿಚ್ಚಿಕೊಂಡ ಸ್ಪ್ರಿಂಗ್ ಉಳಿದ 36 ಮಿ.ಮೀ. ದೂರ ಹಿಡಿತವಿಲ್ಲದೆ ಸಡಿಲವಾಗಿ, ಮತ್ತೆ ಕೂರುವಾಗ ತನ್ನ ತಟ್ಟೆಯಿಂದ ಸರಿದುಬಿಡಬಹುದು. ಗಿಡ್ಡ ಶಾಕ್ ಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೇ.

ಶಾಕ್‌ನ ಉದ್ದದಷ್ಟೇ ಅದರ ಹಿಡಿತವೂ ಮುಖ್ಯ. ಸ್ಪ್ರಿಂಗ್ ಶೇಕಡಾ 30ರಷ್ಟು ಗಟ್ಟಿಯಾದರೆ, ಮೊದಲಿನ ನಿಯಂತ್ರಣ ಉಳಿಯಲು ರಿಬೌಂಡ್, ಅಂದರೆ ಕುಗ್ಗಿದ್ದು ಮತ್ತೆ ಬಿಚ್ಚಿಕೊಳ್ಳುವಾಗ ಶಾಕ್ ಒಡ್ಡುವ ತಡೆ, ಸುಮಾರು ಶೇಕಡಾ 14ರಷ್ಟು ಹೆಚ್ಚಬೇಕು. ಅದು ಸಾಲದಿದ್ದರೆ ಹಂಪು ದಾಟಿದ ಕಾರು ಒಮ್ಮೆ ಎದ್ದು ಕೂತು ಸುಮ್ಮನಾಗದೆ ಮತ್ತೆ ಕುಣಿಯುತ್ತದೆ. ಅತಿಯಾದರೆ, ಸಾಲು ಗುಂಡಿಗಳಲ್ಲಿ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಗುಂಡಿ ಬಂದು, ಕಾರು ಇನ್ನಷ್ಟು ಕೆಳಗೆ ಕುಸಿಯುತ್ತ ಹೋಗುತ್ತದೆ.

ಹಳೆಯ ಸ್ಪ್ರಿಂಗನ್ನು ಕಾಯಿಸಿ ತಗ್ಗಿಸಲು ದಯವಿಟ್ಟು ಒಪ್ಪಬೇಡಿ. ಉಕ್ಕಿನ ಹದ ಕೆಟ್ಟು ಅದು ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಂತೆ ಕೂಡಿರುವ ಜೋಡಣೆ) ಇರುವ ಕಾರುಗಳಲ್ಲಿ ಹೆಚ್ಚು ಇಳಿಸಿದಷ್ಟೂ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರಿನ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುವುದರಿಂದ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ನಿರೀಕ್ಷಿಸಿದ ಲಾಭ ಸಿಗುವುದಿಲ್ಲ. ನಮ್ಮ ರಸ್ತೆಗಳಿಗೆ 25ರಿಂದ 30 ಮಿ.ಮೀ. ಸಾಕೆಂಬುದು ನನ್ನ ಅಭಿಪ್ರಾಯ.

ಜೋಡಣೆಯಾದ ಮೇಲೆ, ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಲೋವರ್ ಆರ್ಮ್‌ನ ಬುಷ್ (ರಬ್ಬರ್ ಕೀಲು) ಬೋಲ್ಟುಗಳನ್ನು ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗಲೇ ಕೊನೆಯ ಬಾರಿ ಬಿಗಿ ಮಾಡಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.