ಹೊಸ ಚೆಂಡು ಸ್ಪಿನ್ನರ್ ಕೈಗೆ: ಮ್ಯಾಟಿನ ಮೇಲೆ ನಮ್ಮ ಒಂದು ಸೀಸನ್

ಧಾರವಾಡ ವಲಯದ ಕೆಳ ವಿಭಾಗದ ಲೀಗ್ ಆಡಿದವರಿಗೆ ಮ್ಯಾಟ್ ಪಿಚ್ಚಿನ, ಅಂದರೆ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಮೊಳೆ ಹೊಡೆದ ಪಿಚ್ಚಿನ, ಪರಿಚಯ ಮಾಡಿಕೊಡಬೇಕಾಗಿಲ್ಲ. ಮೊಳೆ ಹೊಡೆದು ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡವರೇ ಎಲ್ಲರೂ. ಹೊಸ ಚೆಂಡನ್ನು ಆಫ್‌ಸ್ಪಿನ್ನರ್ ಕೈಗೆ ಕೊಟ್ಟು ಇಡೀ ಸೀಸನ್ ಆಡಿದ್ದನ್ನು, ಮೇಲಿನ ವಿಭಾಗಕ್ಕೆ ಏರಿದ್ದನ್ನು ಮಾತ್ರ ಬರೆಯುತ್ತೇನೆ. ಆಗ ನಕ್ಕ ನಾಯಕರಲ್ಲಿ ಇಬ್ಬರು ಈಗ ಸದ್ದಿಲ್ಲದೆ ಅದನ್ನೇ ಮಾಡುತ್ತಿದ್ದಾರೆ.

ಅದಕ್ಕೂ ಹಿಂದಿನ ಎರಡು ಸೀಸನ್‌ಗಳಲ್ಲಿ ನಾವೂ ಎಲ್ಲರಂತೆ ಹೊಸ ಚೆಂಡಿಗೆ ವೇಗಿಗಳನ್ನೇ ನಂಬಿದ್ದೆವು. ಮುಳ್ಳಿನ ಬೂಟು ಹಾಕುವಂತಿಲ್ಲ, ರಬ್ಬರ್ ಅಡಿಯ ಬೂಟು ಇಬ್ಬನಿ ಬಿದ್ದ ಮ್ಯಾಟಿನ ಮೇಲೆ ನಿಲ್ಲುವುದಿಲ್ಲ. ಮೊದಲ ಆರೇಳು ಓವರಿನಲ್ಲೇ ನಲವತ್ತೈವತ್ತು ರನ್ ಹೋಗುತ್ತಿದ್ದವು, ಅದರಲ್ಲಿ ಅರ್ಧ ವೈಡ್ ಮತ್ತು ಲೆಗ್ ಬೈ. ಸ್ಪಿನ್ನರ್‌ಗೆ ಚೆಂಡು ಸಿಗುವ ಹೊತ್ತಿಗೆ ತೆಂಗಿನ ನಾರು ಸೀಮನ್ನು, ಅಂದರೆ ಚೆಂಡಿನ ಉಬ್ಬಿದ ಹೊಲಿಗೆಯನ್ನು, ತಿಂದು ಹಾಕಿರುತ್ತಿತ್ತು. ನಾವು ಕೊಳ್ಳುತ್ತಿದ್ದುದು ನಾನೂರೈವತ್ತು, ಐನೂರು ರೂಪಾಯಿಯ ಚೆಂಡು. ಇಪ್ಪತ್ತು ಓವರಿಗೆ ಅದರ ದಾರ ಚಪ್ಪಟೆ. ನಾರನ್ನು ಕಚ್ಚಿ ಏಳಬೇಕಾದದ್ದು ಸೀಮ್ ಎಂದ ಮೇಲೆ, ಅದು ಎದ್ದು ನಿಂತಿರುವಾಗಲೇ ತಿರುಗಿಸುವವನ ಕೈಗೆ ಕೊಡಬೇಕಲ್ಲವೇ? ನನ್ನ ತರ್ಕ ಇಷ್ಟೇ.

ಕ್ಲಬ್ಬಿನ ಹಿರಿಯರೊಬ್ಬರು, ನಾವೆಲ್ಲ ಕಾಕಾ ಎಂದು ಕರೆಯುವವರು, “ಮದುವೆ ಊಟದ ಮೊದಲ ಪಂಕ್ತಿಗೇ ಮಜ್ಜಿಗೆ ಬಡಿಸುತ್ತೀಯೇನಪ್ಪಾ?” ಎಂದರು. ನಾನು 1952ರ ಲಖನೌ ಟೆಸ್ಟನ್ನು ನೆನಪಿಸಿದೆ. ಸೆಣಬಿನ ಮ್ಯಾಟಿನ ಮೇಲೆ ಫಜಲ್ ಮಹಮೂದ್ ಹನ್ನೆರಡು ವಿಕೆಟ್ ಕಿತ್ತು ಪಾಕಿಸ್ತಾನಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದು ಬರೀ ವೇಗದಿಂದಲ್ಲ, ಬೆರಳಿನಿಂದ ಕತ್ತರಿಸಿದ ಎಸೆತಗಳಿಂದ. “ಅವನು ಫಜಲ್, ನಿನ್ನವನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು” ಎಂದು ಕಾಕಾ ಮಾತು ಮುಗಿಸಿದರು. ಪಟ್ಟಿ (ವಂತಿಗೆ) ಕೂಡಿಸಲು ಹೋದಾಗ ಮಾತ್ರ ಐದು ಸಾವಿರ ಕೊಟ್ಟರು, ಅದನ್ನು ಮರೆಯಬಾರದು.

ದುಡ್ಡು ತಿಂದದ್ದು ನೆಲ. ನಮ್ಮದು ಎರೆ ಭೂಮಿ. ಟರ್ಫ್ ಪಿಚ್ಚಿಗೆ, ಅಂದರೆ ಮ್ಯಾಟಿಲ್ಲದ ಮಣ್ಣಿನ ಪಿಚ್ಚಿಗೆ, ಕಪ್ಪು ಜೇಡಿ ಬೇಕೆಂದು ಕೇಳಿದವರು ಮ್ಯಾಟಿನ ಕೆಳಗೂ ಅದನ್ನೇ ಬಿಟ್ಟಿದ್ದರು. ಮಳೆಗಾಲದಲ್ಲಿ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಹನ್ನೊಂದು ಗಂಟೆಗೆ ಹೊಡೆದ ಆರಿಂಚಿನ ಮೊಳೆ ಮೂರು ಗಂಟೆಗೆ ಕೈಯಲ್ಲೇ ಕಿತ್ತು ಬರುತ್ತದೆ. ಮೊದಲು ಬಿರುಕಿಗೆ ಮರಳು ತುಂಬಿ ನೋಡಿದೆವು, ಪ್ರಯೋಜನವಾಗಲಿಲ್ಲ. ಆಮೇಲೆ ಸೆಗಣಿ ಸಾರಿಸಿದೆವು. ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಚೆಂಡು ಬಿದ್ದಲ್ಲೆಲ್ಲ ಹಕ್ಕಳೆ ಎದ್ದಿತು. ಕೊನೆಗೆ ಒಂದು ಗೇಣು ಎರೆ ತೆಗೆಸಿ, ಜರಡಿ ಹಿಡಿದ ಗರಸನ್ನು (ಗಟ್ಟಿ ಕಲ್ಲುಮಣ್ಣನ್ನು) ತುಂಬಿ, ನೀರು ಕಟ್ಟಿ ರೋಲರ್ ಎಳೆದೆವು. ಟ್ರ್ಯಾಕ್ಟರ್, ಕೂಲಿ, ನೀರು ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಮ್ಯಾಟ್ ಹಳೆಯದೇ, ಹರಿದ ತುದಿಯನ್ನು ಮಾತ್ರ ಹೊಲಿಸಿದೆವು.

ಮ್ಯಾಟಿನ ಬಿಗಿಯ ವಿಷಯ ನಿಮಗೆ ಗೊತ್ತು: ಬಿಗಿದರೆ ಪುಟಿತ, ಸಡಿಲಿಸಿದರೆ ತಿರುವು. ಪಂದ್ಯದ ನಡುವೆ ಸಡಿಲಿಸುವವರನ್ನು ನಾನು ಆಟಗಾರರೆಂದೇ ಲೆಕ್ಕಿಸುವುದಿಲ್ಲ. ಟಾಸಿಗೆ ಮುಂಚೆ ಎಳೆದು ಅಂಪೈರ್‌ಗೆ ತೋರಿಸಿ, ಎರಡೂ ತಂಡ ಅದರ ಮೇಲೆಯೇ ಆಡಬೇಕು. ಉದ್ದಕ್ಕೆ ಎಷ್ಟು ಎಳೆಯಬೇಕು, ಅಡ್ಡಕ್ಕೆ ಎಷ್ಟು, ಹಿಂದಿನ ಸಂಜೆ ಗರಸಿಗೆ ಎಷ್ಟು ಕೊಡ ನೀರು ಎಂಬುದನ್ನು ಇನ್ನೊಂದು ಸೀಸನ್ ಮುಗಿಯುವವರೆಗೆ ಕೇಳಬೇಡಿ.

ಮೊದಲ ಪಂದ್ಯದಲ್ಲಿ ಯೋಜನೆ ನೆಲ ಕಚ್ಚಿತು. ಇಬ್ಬನಿಗೆ ಚೆಂಡು ಸೋಪಿನಂತೆ ಜಾರಿ, ನಮ್ಮ ಹುಡುಗನ ಎರಡು ಓವರಿಗೆ ಇಪ್ಪತ್ತೆಂಟೋ ಮೂವತ್ತೋ ರನ್ ಬಿದ್ದವು. ಅಂದಿನಿಂದ ನಮ್ಮ ಮೈದಾನದಲ್ಲಿ ಟಾಸ್ ಗೆದ್ದರೆ ಬ್ಯಾಟಿಂಗ್ ಎಂದು ನಿಶ್ಚಯಿಸಿದೆವು; ಸೋತರೆ ಮೊದಲ ನಾಲ್ಕು ಓವರನ್ನು ಮಧ್ಯಮ ವೇಗಿ ಚೆಂಡು ಒರೆಸುತ್ತ ಕಳೆಯಬೇಕು. ಮೂರನೆಯ ಪಂದ್ಯದಿಂದ ಫಲ ಕಂಡಿತು. ಗುಡ್ ಲೆಂಗ್ತಿಗಿಂತ ಒಂದು ಮೊಳ ಹಿಂದೆ ಬಿದ್ದ ಚೆಂಡು ಎದೆಯವರೆಗೆ ಎದ್ದು ಗ್ಲೋವ್ಸ್ ಸವರಿ ಶಾರ್ಟ್ ಲೆಗ್ಗಿಗೆ, ಬ್ಯಾಟರ್‌ನ ಕಾಲಿನ ಕಡೆ ತೀರ ಹತ್ತಿರ ನಿಲ್ಲುವವನ ಕೈಗೆ, ಬರುತ್ತಿತ್ತು. ಅಲ್ಲಿ ಕ್ಯಾಚು ಬಿಟ್ಟರೆ ಮಾತ್ರ ಎಲ್ಲ ವ್ಯರ್ಥ.

ಅದಕ್ಕಾಗಿ ಇನ್ನೊಂದು ಪ್ರಯೋಗ ಮಾಡಿದೆ. ಆಸ್ಟ್ರೇಲಿಯಾ ತಂಡಕ್ಕೆ ಕ್ಷೇತ್ರರಕ್ಷಣೆ ಕಲಿಸಿದ ಮೈಕ್ ಯಂಗ್ ಮೂಲತಃ ಬೇಸ್‌ಬಾಲ್‌ನವರು. ನಾನೂ ಬೇಸ್‌ಬಾಲ್ ಆಡುವ ಗೆಳೆಯನಿಂದ ಒಂದು ಬ್ಯಾಟು, ಎರಡು ಗ್ಲೋವ್ಸ್ ಎರವಲು ತಂದೆ. ಗ್ಲೋವ್ಸ್ ಕೆಲಸಕ್ಕೆ ಬರಲಿಲ್ಲ. ಒಂದೇ ವಾರದಲ್ಲಿ ಹುಡುಗರು ಬರಿಗೈಯಲ್ಲಿ ಹಿಡಿಯಲು ಅಂಜತೊಡಗಿದರು. ಬ್ಯಾಟು ಮಾತ್ರ ಬಂಗಾರ. ಅದರ ದುಂಡು ಮೈಯಿಂದ ಹತ್ತು ಹೆಜ್ಜೆ ದೂರಕ್ಕೆ ಹೊಡೆದ ಚೆಂಡು ಎತ್ತ ಹೋಗುತ್ತದೆಂದು ಹೊಡೆದವನಿಗೇ ತಿಳಿಯದು, ಶಾರ್ಟ್ ಲೆಗ್ಗಿನವನಿಗೆ ಬೇಕಾದದ್ದೂ ಅದೇ. ಬೆಳಿಗ್ಗೆ ಆರಕ್ಕೆ ಬರಲು ಗೊಣಗಿದವರಿಗೆ ಸುನೀಲ್ ಜೋಶಿ ಗದಗಿನಿಂದ ದಿನಾ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಶಾಲೆಗೆ ಮರಳುತ್ತಿದ್ದ ಕಥೆಯನ್ನು ಹೇಳಿ ಹೇಳಿ ಸವೆಸಿದೆ.

ಲೆಕ್ಕ ನೆನಪಿನಿಂದ ಹೇಳುವುದಾದರೆ, ಒಂಬತ್ತು ಪಂದ್ಯಗಳಲ್ಲಿ ಏಳು ಗೆದ್ದೆವು. ಗೊಬ್ಬರದಂಗಡಿಯ ಹುಡುಗನಿಗೆ ಮೂವತ್ತರ ಆಸುಪಾಸು ವಿಕೆಟ್. ಖರ್ಚು ಎಪ್ಪತ್ತು ಸಾವಿರ ದಾಟಿತು. ಹೊರ ಊರಿನ ಪಂದ್ಯಗಳಿಗೆ ಹೋಗುವ ಕ್ರೂಸರ್ ಗಾಡಿಯ ಬಾಡಿಗೆಯೇ ಅದರಲ್ಲಿ ಮೂರನೆಯ ಒಂದು ಪಾಲು. ಇನ್ನೂ ಎಂಟು ಸಾವಿರ ನನ್ನ ಕೈಯಿಂದ ಹೋದದ್ದು ಬಾಕಿಯಿದೆ. ಸೋತ ಎರಡೂ ಪಂದ್ಯಗಳಲ್ಲಿ ನಮ್ಮ ಬ್ಯಾಟಿಂಗ್ ನೂರನ್ನೂ ದಾಟಲಿಲ್ಲ, ಆ ಕಥೆ ಬೇರೆ.

ಈಗ ಹೊಸ ಮ್ಯಾಟಿಗೆ ಪಟ್ಟಿ ಹಾಕುತ್ತಿದ್ದೇವೆ. ನಮ್ಮ ವೇಗಿಗಳು ಮೇಲಿನ ವಿಭಾಗದಲ್ಲಾದರೂ ಹೊಸ ಚೆಂಡು ಕೊಡಿ ಎಂದು ಕೇಳಿದ್ದಾರೆ. ಟರ್ಫ್ ಸಿಕ್ಕ ಕಡೆ ಕೊಡುತ್ತೇನೆ ಎಂದಿದ್ದೇನೆ. ಮ್ಯಾಟ್ ಹಾಸಿದಲ್ಲಿ ಆ ಮಾತೇ ಬೇಡ.